ಉಂಡ ಅನ್ನವು ರಕ್ತವಾಗುವ ಬಗೆ

ಅನ್ನವೇ ಪ್ರಾಣಕ್ಕೆ ಆಧಾರವೆಂಬುದನ್ನು ಅರಿಯದವರಾರೂ ಇಲ್ಲ. ಆದರೆ ತುತ್ತು ಗಂಟಲಿನಿಂದ ಕೆಳಗಿಳಿದ ಮೇಲೆ ಅದರ ಗತಿ ಏನೆಂದು ವಿಚಾರಿಸಿದರೆ, “ಹೊಟ್ಟೆಯಲ್ಲಿ ಕರಗುವುದು” ಎಂದಷ್ಟೇ ಹೇಳಿ ಸುಮ್ಮನಾಗುವವರು ಬಹುಮಂದಿ. ಆ ಕರಗುವಿಕೆಯು ಎಂತಹುದು, ಕರಗಿದುದು ಎಲ್ಲಿಗೆ ಹೋಗುವುದು, ಹೋದಲ್ಲಿ ಯಾವ ಕೆಲಸವನ್ನು ಮಾಡುವುದು ಎಂಬೀ ಮೂರು ಪ್ರಶ್ನೆಗಳಿಗೆ ತಿಳಿದಮಟ್ಟಿಗೆ ಉತ್ತರ ಹೇಳುವುದೇ ಈ ಲೇಖನದ ಉದ್ದೇಶವಾಗಿದೆ.

ಹೆಣ್ಣುಮಕ್ಕಳ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಈ ವಿಷಯವನ್ನು ಎತ್ತಿಕೊಂಡುದಕ್ಕೆ ಬಲವಾದ ಕಾರಣವುಂಟು. ೨೦೧೯ರಿಂದ ೨೦೨೧ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ೧೫ರಿಂದ ೧೯ ವರುಷದೊಳಗಿನ ಹುಡುಗಿಯರಲ್ಲಿ ನೂರಕ್ಕೆ ೫೯ ಮಂದಿಗೆ ರಕ್ತಹೀನತೆ ಇತ್ತು. ಅದೇ ವಯಸ್ಸಿನ ಹುಡುಗರಲ್ಲಿ ಹೀಗಿದ್ದವರು ನೂರಕ್ಕೆ ೩೧ ಮಂದಿ ಮಾತ್ರ. ಅಣ್ಣನೂ ತಂಗಿಯೂ ಒಂದೇ ಮನೆಯವರು. ಒಂದೇ ಒಲೆಯ ಮೇಲೆ ಬೆಂದುದನ್ನೇ ಉಣ್ಣುವವರು. ಹಾಗಿರಲು ಈ ಭೇದವು ಎಲ್ಲಿಂದ ಬಂದಿತು? ಇದನ್ನು ತಿಳಿಯಬೇಕಾದರೆ ಮೊದಲು ಅನ್ನದ ಪಯಣವನ್ನು ತಿಳಿಯತಕ್ಕದ್ದು.

ನಾವು ತಿನ್ನುವ ಪದಾರ್ಥಗಳು ನೂರಾರು ಬಗೆಯವಾಗಿ ಕಂಡರೂ ಅವುಗಳೊಳಗಿನ ಸತ್ವಗಳು ಕೆಲವೇ. ಅಕ್ಕಿ, ರಾಗಿ, ಜೋಳ, ಗೆಣಸು ಇವುಗಳಲ್ಲಿ ಪಿಷ್ಟವು ಹೆಚ್ಚು. ಬೇಳೆ, ಕಾಳು, ಹಾಲು, ಮೊಟ್ಟೆ, ಮೀನು, ಮಾಂಸಗಳಲ್ಲಿ ಪ್ರೋಟೀನು ಹೆಚ್ಚು. ಎಣ್ಣೆ, ತುಪ್ಪ, ತೆಂಗು, ಕಡಲೆಕಾಯಿಗಳಲ್ಲಿ ಕೊಬ್ಬು. ಇವಲ್ಲದೆ ಸುಣ್ಣ, ಕಬ್ಬಿಣ ಮೊದಲಾದ ಖನಿಜಗಳೂ, ಅತ್ಯಲ್ಪವಾದರೂ ಅತ್ಯವಶ್ಯವಾದ ಜೀವಸತ್ವಗಳೂ, ನೀರೂ, ನಾರೂ ಇರುವುವು. ಒಂದು ಗ್ರಾಂ ಪಿಷ್ಟದಿಂದಲೂ ಒಂದು ಗ್ರಾಂ ಪ್ರೋಟೀನಿನಿಂದಲೂ ಸುಮಾರು ೪ ಕಿಲೋಕ್ಯಾಲೊರಿ ಶಕ್ತಿಯು ದೊರೆಯುವುದು. ಒಂದು ಗ್ರಾಂ ಕೊಬ್ಬಿನಿಂದ ೯.

ಆದರೆ ರಾಗಿಯು ರಾಗಿಯಾಗಿಯೇ ರಕ್ತವನ್ನು ಸೇರಲಾರದು. ಹಳೆಯ ಮನೆಯನ್ನು ಬಿಚ್ಚಿ, ತೊಲೆ, ಇಟ್ಟಿಗೆ, ಹೆಂಚುಗಳನ್ನು ಬೇರೆಬೇರೆಯಾಗಿಸಿಕೊಂಡು, ಅವುಗಳಿಂದಲೇ ಹೊಸ ಮನೆಯನ್ನು ಕಟ್ಟುವಂತೆ, ದೇಹವು ಅನ್ನವನ್ನು ಮೊದಲು ಬಿಚ್ಚಿಕೊಳ್ಳುವುದು. ಪಿಷ್ಟವು ಸಕ್ಕರೆಯಾಗಬೇಕು, ಪ್ರೋಟೀನು ಅಮೈನೋ ಆಮ್ಲಗಳಾಗಬೇಕು, ಕೊಬ್ಬು ಕೊಬ್ಬಿನ ಆಮ್ಲಗಳಾಗಬೇಕು. ಈ ಬಿಚ್ಚುವ ಕೆಲಸಕ್ಕೆ ಜೀರ್ಣಕ್ರಿಯೆ ಎಂದು ಹೆಸರು. ಮತ್ತೆ ಕಟ್ಟುವ ಮತ್ತು ಉರಿಸಿ ಶಕ್ತಿಯನ್ನು ಪಡೆಯುವ ಕೆಲಸಕ್ಕೆ ಚಯಾಪಚಯ ಎಂದು ಹೆಸರು.

ಬಾಯಿಯಲ್ಲಿಯೇ ಕೆಲಸವು ಮೊದಲಾಗುವುದು. ಹಲ್ಲುಗಳು ಅರೆಯುವುವು, ಜೊಲ್ಲು ಪಿಷ್ಟವನ್ನು ಒಡೆಯತೊಡಗುವುದು. ಅನ್ನವನ್ನು ಬಹಳ ಹೊತ್ತು ಅಗಿದರೆ ಸಿಹಿ ತೋರುವುದು ಇದರಿಂದಲೇ. ಹಾಗಾದರೆ ಹಳೆಯ ಮೈಸೂರು ಸೀಮೆಯವರು ಮುದ್ದೆಯನ್ನು ಅಗಿಯದೆ ನುಂಗುವರಲ್ಲಾ, ಅದು ಜೀರ್ಣವಾಗುವುದು ಹೇಗೆಂದು ಕೆಲವರು ಕೇಳಬಹುದು. ರಾಗಿಯನ್ನು ಬೀಸುವ ಕಲ್ಲು ಮೊದಲೇ ನುಣ್ಣಗೆ ಮಾಡಿರುವುದು. ಬೆಂಕಿಯು ಅದನ್ನು ಚೆನ್ನಾಗಿ ಬೇಯಿಸಿರುವುದು. ಜೊಲ್ಲು ಆರಂಭಿಸಿದ ಕೆಲಸದ ಬಹುಪಾಲನ್ನು ಮುಂದೆ ಸಣ್ಣ ಕರುಳಿನಲ್ಲಿ ಮೇದೋಜೀರಕ ಗ್ರಂಥಿಯ ರಸವು ಪೂರೈಸುವುದು. ಆದಕಾರಣ ಮುದ್ದೆಗೆ ಅಪಾಯವಿಲ್ಲ. ಆದರೆ ಕಾಳು, ಕಾಯಿಪಲ್ಯ, ಮಾಂಸಗಳನ್ನು ಹಾಗೆ ನುಂಗಲಾಗದು.

ಜಠರದೊಳಗೆ ನಡೆಯುವ ಕೆಲಸವನ್ನು ಲೋಕವು ಕಣ್ಣಾರೆ ಕಂಡುದು ಒಂದು ವಿಚಿತ್ರ ಘಟನೆಯಿಂದ. ೧೮೨೨ರಲ್ಲಿ ಉತ್ತರ ಅಮೇರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಬಂದೂಕಿನ ಗುಂಡು ತಗಲಿತು. ಅವನು ಬದುಕಿದನಾದರೂ ಹೊಟ್ಟೆಯ ಗಾಯವು ಪೂರ್ತಿ ಮುಚ್ಚದೆ, ಹೊರಗಿನಿಂದ ಜಠರಕ್ಕೆ ಒಂದು ರಂಧ್ರವು ಉಳಿಯಿತು. ಸೈನ್ಯದ ವೈದ್ಯರಾದ ವಿಲಿಯಂ ಬ್ಯೂಮಾಂಟರು ಆ ರಂಧ್ರದ ಮೂಲಕ ದಾರಕ್ಕೆ ಕಟ್ಟಿದ ಆಹಾರದ ತುಂಡುಗಳನ್ನು ಒಳಗಿಳಿಸಿ, ಎಷ್ಟು ಹೊತ್ತಿನಲ್ಲಿ ಯಾವುದು ಕರಗುವುದೆಂದು ಗೊತ್ತುಮಾಡಿ, ೧೮೩೩ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಜೀರ್ಣವು ಬರಿಯ ಅರೆತವಲ್ಲ, ಜಠರದ ಆಮ್ಲರಸದ ರಾಸಾಯನಿಕ ಕ್ರಿಯೆಯೂ ಅಹುದು ಎಂಬುದು ಇದರಿಂದ ಸ್ಪಷ್ಟವಾಯಿತು. ರೋಗಿಯು ಕೋಪಗೊಂಡಾಗ ಜೀರ್ಣಕ್ಕೆ ಅಡ್ಡಿಯಾಗುವುದನ್ನೂ ಅವರು ಕಂಡರು. ಊಟದ ಹೊತ್ತಿನಲ್ಲಿ ಮಕ್ಕಳನ್ನು ಗದರಿಸುವ ತಂದೆತಾಯಂದಿರು ಇದನ್ನು ನೆನಪಿಡುವುದು ಒಳ್ಳೆಯದು.

ಜಠರದಿಂದ ಆಹಾರವು ಗಂಜಿಯಂತಾಗಿ ಸ್ವಲ್ಪ ಸ್ವಲ್ಪವಾಗಿ ಸಣ್ಣ ಕರುಳಿಗೆ ಇಳಿಯುವುದು. ಸಣ್ಣ ಎಂಬುದು ಅಗಲಕ್ಕೆ ಮಾತ್ರ ಸಲ್ಲುವ ಮಾತು. ಉದ್ದವು ಸುಮಾರು ೨೦ ಅಡಿ. ಇಲ್ಲಿ ಪಿತ್ತರಸವು ಬಂದು ಸೇರುವುದು. ಎಣ್ಣೆಯ ಸ್ನಾನದಲ್ಲಿ ಸೀಗೆಯ ಪುಡಿಯು ತಲೆಯ ಜಿಡ್ಡನ್ನು ಬಿಡಿಸಿ ನೀರಿನೊಡನೆ ಕೂಡಿಸುವಂತೆ, ಪಿತ್ತವು ಕೊಬ್ಬನ್ನು ಸೂಕ್ಷ್ಮವಾದ ಹನಿಗಳಾಗಿ ಒಡೆಯುವುದು. ಕರುಳಿನ ಒಳಮೈಯು ಮಕಮಲ್ಲಿನಂತೆ ಲಕ್ಷಾಂತರ ಸಣ್ಣ ಎಸಳುಗಳಿಂದ ತುಂಬಿರುವುದು. ಈ ಎಸಳುಗಳೇ ಸಕ್ಕರೆಯನ್ನೂ ಅಮೈನೋ ಆಮ್ಲಗಳನ್ನೂ ಹೀರಿ ರಕ್ತಕ್ಕೆ ಕೊಡುವುವು. ಆ ರಕ್ತವು ನೇರವಾಗಿ ಯಕೃತ್ತಿಗೆ ಹೋಗುವುದು. ಕೊಬ್ಬಿನ ಬಹುಪಾಲು ಮಾತ್ರ ಬೇರೊಂದು ನಾಳದ ದಾರಿಯಾಗಿ ಬಂದು ರಕ್ತವನ್ನು ಸೇರುವುದು. ಜೀರ್ಣವಾಗದ ನಾರು ದೊಡ್ಡ ಕರುಳಿಗೆ ಹೋಗಿ, ಅಲ್ಲಿರುವ ಸೂಕ್ಷ್ಮಜೀವಿಗಳಿಗೆ ಆಹಾರವಾಗಿ, ಮಲವು ಸುಲಭವಾಗಿ ಸಾಗುವಂತೆ ಸಹಾಯಮಾಡುವುದು.

ಇನ್ನು ಒಳಗೆ ಸೇರಿದ ಸತ್ವದ ಉಪಯೋಗವನ್ನು ನೋಡೋಣ. ೧೭೮೩ರಲ್ಲಿ ಫ್ರಾನ್ಸಿನ ಲವಾಸಿಯೇ ಮತ್ತು ಲಾಪ್ಲಾಸ್ ಎಂಬ ವಿದ್ವಾಂಸರು ಒಂದು ಸಣ್ಣ ಪ್ರಾಣಿಯನ್ನು ಮಂಜುಗಡ್ಡೆಯಿಂದ ಆವರಿಸಿದ ಪಾತ್ರೆಯಲ್ಲಿಟ್ಟು, ಅದರ ಮೈಯ ಶಾಖದಿಂದ ಎಷ್ಟು ಮಂಜು ಕರಗುವುದೆಂದು ಅಳೆದರು. ಉಸಿರಾಟವು ಇದ್ದಲಿನ ಉರಿಯಂತಹುದೇ, ಆದರೆ ನಿಧಾನವಾದುದು ಎಂದು ಅವರು ತಿಳಿಸಿದರು. ಮನೆಯ ಒಲೆಯು ಭಗ್ಗನೆ ಉರಿಯುವುದು. ದೇಹದ ಕಣಗಳಲ್ಲಿ ಸಕ್ಕರೆಯು ಜ್ವಾಲೆಯಿಲ್ಲದೆ, ಮೆಟ್ಟಿಲು ಮೆಟ್ಟಿಲಾಗಿ, ಆಮ್ಲಜನಕದೊಡನೆ ಕೂಡಿ ಉರಿಯುವುದು. ಈ ಮೆಟ್ಟಿಲುಗಳಲ್ಲಿ ಮುಖ್ಯವಾದುವನ್ನು ೧೯೩೭ರಲ್ಲಿ ಹಾನ್ಸ್ ಕ್ರೆಬ್ಸ್ ಎಂಬವರು ಗುರುತಿಸಿದರು.

ಉಂಡ ಸಕ್ಕರೆಯೆಲ್ಲವೂ ಒಡನೆಯೇ ಬೇಕಾಗುವುದಿಲ್ಲ. ಮಿಕ್ಕುದರಲ್ಲಿ ಸುಮಾರು ನೂರು ಗ್ರಾಮಿನಷ್ಟನ್ನು ಯಕೃತ್ತು ಕಣಜದಂತೆ ಕೂಡಿಡುವುದು. ಮಾಂಸಖಂಡಗಳೂ ತಮ್ಮ ಪಾಲನ್ನು ಇಟ್ಟುಕೊಳ್ಳುವುವು. ಅದಕ್ಕೂ ಮಿಕ್ಕುದು ಕೊಬ್ಬಾಗುವುದು. ರಾತ್ರಿ ನಾವು ನಿದ್ರಿಸುವಾಗ ಯಕೃತ್ತಿನ ಈ ಕಣಜದಿಂದಲೇ ಮಿದುಳಿಗೆ ಸಕ್ಕರೆಯು ಹೋಗುತ್ತಿರುವುದು. ಮಿದುಳಿನ ತೂಕವು ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೆ ಸುಮ್ಮನಿರುವಾಗ ದೇಹವು ವೆಚ್ಚಮಾಡುವ ಶಕ್ತಿಯಲ್ಲಿ ಅದು ಐದರಲ್ಲಿ ಒಂದು ಪಾಲನ್ನು ತೆಗೆದುಕೊಳ್ಳುವುದು. ಬರಿಯ ಕಾಫಿಯನ್ನು ಕುಡಿದು ಶಾಲೆಗೆ ಬಂದ ಹುಡುಗಿಯು ಬರಿದಾಗುತ್ತ ಬಂದ ಕಣಜದಿಂದ ಲೆಕ್ಕವನ್ನು ಮಾಡುತ್ತಿರುವಳೆಂದು ತಿಳಿಯಬೇಕು.

ಶಕ್ತಿಯೊಂದೇ ಸಾಲದು, ದೇಹವನ್ನು ಕಟ್ಟುವ ಸಾಮಗ್ರಿಯೂ ಬೇಕು. ಒಂಬತ್ತು ಅಮೈನೋ ಆಮ್ಲಗಳನ್ನು ನಾವು ಆಹಾರದಿಂದಲೇ ಪಡೆಯಬೇಕು. ಧಾನ್ಯಗಳಲ್ಲಿ ಅವುಗಳೊಳಗೆ ಒಂದು ಕಡಿಮೆ. ಬೇಳೆಕಾಳುಗಳಲ್ಲಿ ಇನ್ನೊಂದು ಕಡಿಮೆ. ಎರಡನ್ನೂ ಕೂಡಿಸಿ ಉಂಡರೆ ಒಂದರ ಕೊರತೆಯನ್ನು ಮತ್ತೊಂದು ತುಂಬುವುದು. ಮುದ್ದೆಗೆ ಬಸ್ಸಾರು, ಜೋಳದ ರೊಟ್ಟಿಗೆ ಕಾಳಿನ ಪಲ್ಯ, ಇಡ್ಲಿಗೆ ಉದ್ದು ಎಂದು ನಮ್ಮ ಅಜ್ಜಿಯಂದಿರು ಜೊತೆಗೂಡಿಸಿದುದು ಯುಕ್ತವೇ ಆಗಿತ್ತು. ಎಲುಬಿಗೆ ಬೇಕಾದ ಸುಣ್ಣದ ಅಂಶವು ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಇರುವುದು. ಅಷ್ಟೇ ತೂಕದ ಬಿಳಿಯ ಅಕ್ಕಿಯಲ್ಲಿ ಸುಮಾರು ಹತ್ತು ಮಾತ್ರ. ಕನ್ನಡ ಜಿಲ್ಲೆಯ ಕುಚ್ಚಲಕ್ಕಿಯ ಗುಣವೂ ಅಲ್ಪವಲ್ಲ. ಭತ್ತವನ್ನು ಬೇಯಿಸಿ ಒಣಗಿಸಿದ ಬಳಿಕ ಮಿಲ್ಲಿಗೆ ಹಾಕುವುದರಿಂದ ಹೊರಪದರದ ‘ಬಿ’ ಜೀವಸತ್ವವು ಕಾಳಿನೊಳಕ್ಕೆ ಇಳಿದು, ತೌಡಿನ ಪಾಲಾಗದೆ ಉಳಿಯುವುದು.

ಇನ್ನು ನಾವು ಮೊದಲು ಎತ್ತಿದ ಪ್ರಶ್ನೆಗೆ ಬರೋಣ. ಸಕ್ಕರೆಯು ಉರಿಯಬೇಕಾದರೆ ಆಮ್ಲಜನಕವು ಬೇಕೆಂದು ಹೇಳಿದೆವಷ್ಟೆ. ಅದನ್ನು ಶ್ವಾಸಕೋಶದಿಂದ ಹೊತ್ತು ತರುವುದು ಕೆಂಪು ರಕ್ತಕಣಗಳಲ್ಲಿರುವ ಹಿಮೋಗ್ಲೋಬಿನ್. ಅದನ್ನು ಮಾಡಲು ಕಬ್ಬಿಣವು ಬೇಕು. ಪ್ರಾಯದವರ ದೇಹದಲ್ಲಿರುವ ಕಬ್ಬಿಣವೆಲ್ಲ ಸೇರಿ ಮೂರು ನಾಲ್ಕು ಗ್ರಾಂ, ಎಂದರೆ ಒಂದು ಚಿಕ್ಕ ಮೊಳೆಯಷ್ಟು. ರಕ್ತಕಣವು ಸುಮಾರು ೧೨೦ ದಿನ ಬಾಳಿ ಅಳಿಯುವುದು. ಅದರ ಕಬ್ಬಿಣವನ್ನು ದೇಹವು ಜಿಪುಣನಂತೆ ತೆಗೆದಿಟ್ಟುಕೊಂಡು ಹೊಸ ಕಣಕ್ಕೆ ಉಪಯೋಗಿಸುವುದು. ಆದರೆ ಹೆಣ್ಣಿಗೆ ತಿಂಗಳು ತಿಂಗಳೂ ರಕ್ತವು ಹೊರಗೆ ಹೋಗುವುದು. ಬಸುರಿಯಾದಾಗ ಕೂಸಿಗೂ ರಕ್ತವನ್ನು ಒದಗಿಸಬೇಕು. ಕಬ್ಬಿಣವು ಸಾಲದೆ ಹೋದರೆ, ಅನ್ನವು ಎಷ್ಟಿದ್ದರೂ ಒಲೆಗೆ ಗಾಳಿಯಿಲ್ಲದಂತಾಗಿ, ಆಯಾಸವೂ ಏದುಸಿರೂ ಬರುವುವು. ಓದಿದುದು ತಲೆಗೆ ಹತ್ತದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ೨೦೨೦ರಲ್ಲಿ ಗೊತ್ತುಪಡಿಸಿದಂತೆ, ಕುಳಿತು ಕೆಲಸಮಾಡುವ ಗಂಡಸಿಗೆ ದಿನಕ್ಕೆ ೨೧೧೦ ಕಿಲೋಕ್ಯಾಲೊರಿ ಶಕ್ತಿಯೂ ೧೯ ಮಿಲಿಗ್ರಾಂ ಕಬ್ಬಿಣವೂ ಬೇಕು. ಅಂತಹ ಹೆಂಗಸಿಗೆ ೧೬೬೦ ಕಿಲೋಕ್ಯಾಲೊರಿ ಸಾಕು, ಆದರೆ ಕಬ್ಬಿಣವು ೨೯ ಮಿಲಿಗ್ರಾಂ ಬೇಕು. ಈ ಎರಡು ಲೆಕ್ಕಗಳನ್ನು ಜೊತೆಯಲ್ಲಿಟ್ಟು ನೋಡಿರಿ. ಹೆಣ್ಣಿಗೆ ಅನ್ನವು ಕಡಿಮೆ ಸಾಕು, ಅನ್ನದೊಡನೆ ಬಡಿಸುವ ಸೊಪ್ಪು, ಕಾಳು, ಮೊಟ್ಟೆ, ಮೀನುಗಳು ಹೆಚ್ಚು ಬೇಕು. ಆದರೆ ಎಷ್ಟೋ ಮನೆಗಳ ರೂಢಿಯು ಇದಕ್ಕೆ ನೇರ ವಿರುದ್ಧ. ಗಂಡಸರ ಪಂಕ್ತಿ ಎದ್ದ ಮೇಲೆ ತಾಯಿಯೂ ಸೊಸೆಯೂ ಮಗಳೂ ಉಣ್ಣಲು ಕೂರುವರು. ಆಗ ಪಾತ್ರೆಯಲ್ಲಿ ಅನ್ನವು ಉಳಿದಿರುವುದು, ತಿಳಿಸಾರು ಉಳಿದಿರುವುದು, ಪಲ್ಯವು ತೀರಿರುವುದು. ಹೊಟ್ಟೆಯೇನೋ ತುಂಬುವುದು; ರಕ್ತವು ತುಂಬುವುದಿಲ್ಲ. ಅಣ್ಣತಂಗಿಯರ ಭೇದಕ್ಕೆ ಪ್ರಕೃತಿಯು ಒಂದು ಕಾರಣವಾದರೆ, ಈ ಪಂಕ್ತಿಭೇದವೂ ಒಂದು ಕಾರಣವು.

ರಕ್ತಕ್ಕೆ ಕಬ್ಬಿಣದೊಡನೆ ಬೇರೆ ಸತ್ವಗಳೂ ಬೇಕು. ೧೯೨೮ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಮುಂಬಯಿಗೆ ಬಂದು, ಬಡ ಬಸುರಿಯರ ರಕ್ತಹೀನತೆಯನ್ನು ಪರೀಕ್ಷಿಸತೊಡಗಿದರು. ಈಸ್ಟಿನಿಂದ ತೆಗೆದ ಸಾರದಿಂದ ಅದು ಗುಣವಾಗುವುದೆಂದು ೧೯೩೧ರಲ್ಲಿ ಪ್ರಕಟಿಸಿದರು. ಆ ಸಾರದೊಳಗಿನ ಗುಣಕಾರಿ ವಸ್ತುವು ಫೋಲಿಕ್ ಆಮ್ಲವೆಂದು ಮುಂದೆ ತಿಳಿಯಿತು. ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರ ನೇತೃತ್ವದಲ್ಲಿ ಅಮೇರಿಕದಲ್ಲಿ ಅದನ್ನು ೧೯೪೫ರಲ್ಲಿ ತಯಾರಿಸಿದರು. ಇದು ಹಸುರು ಸೊಪ್ಪುಗಳಲ್ಲಿಯೂ ಕಾಳುಗಳಲ್ಲಿಯೂ ಉಂಟು; ಬಹಳ ಹೊತ್ತು ಬೇಯಿಸಿದರೆ ನಷ್ಟವಾಗುವುದು. ಬಿ-೧೨ ಎಂಬ ಜೀವಸತ್ವವೂ ರಕ್ತಕ್ಕೆ ಬೇಕು. ಅದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ ದೊರೆಯುವುದು, ಕಾಯಿಪಲ್ಯಗಳಲ್ಲಿ ದೊರೆಯದು.

ಮನೆಯಲ್ಲಿ ಮಾಡತಕ್ಕ ಕೆಲಸಗಳು ಕಷ್ಟವಾದುವಲ್ಲ. ಸಸ್ಯಾಹಾರದ ಕಬ್ಬಿಣವನ್ನು ಕರುಳು ಅಲ್ಪವಾಗಿಯೇ ಹೀರುವುದು. ಊಟದೊಡನೆ ನಿಂಬೆಯ ರಸ, ನೆಲ್ಲಿಕಾಯಿ, ಸೀಬೆಹಣ್ಣುಗಳಲ್ಲಿ ಯಾವುದಾದರೊಂದು ಇದ್ದರೆ ಹೆಚ್ಚಾಗಿ ಹೀರುವುದು. ಕಾಫಿಯೂ ಚಹವೂ ಅದನ್ನು ತಡೆಯುವುದರಿಂದ ಅವನ್ನು ಊಟಕ್ಕೆ ಒಂದು ಗಂಟೆಯಾದರೂ ದೂರವಿಡಬೇಕು. ಕೊಕ್ಕೆಹುಳುಗಳು ಬರಿಗಾಲಿನ ಮೂಲಕ ದೇಹವನ್ನು ಹೊಕ್ಕು ಕರುಳಿನಲ್ಲಿ ರಕ್ತವನ್ನು ಹೀರುವುವು. ಆದುದರಿಂದ ಪಾದರಕ್ಷೆಯೂ ಶೌಚಾಲಯವೂ ಪುಷ್ಟಿಯ ಸಾಧನಗಳೇ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ಊಟವಾದ ಬಳಿಕ ನುಂಗಬೇಕು. ಅದರಿಂದ ಮಲವು ಕಪ್ಪಾದರೆ ಹೆದರಬೇಕಾದುದಿಲ್ಲ. ಹೆದರಿ ಮಾತ್ರೆಯನ್ನು ಚರಂಡಿಗೆ ಎಸೆಯುವುದೇ ಹಾನಿ.

ಹುಡುಗಿಯು ಬಳಪವನ್ನೋ ಹಸಿ ಅಕ್ಕಿಯನ್ನೋ ಮಣ್ಣನ್ನೋ ಕದ್ದು ತಿನ್ನುತ್ತಿದ್ದರೆ, ಮೆಟ್ಟಿಲೇರುವಾಗ ಏದುತ್ತಿದ್ದರೆ, ಕೆಳರೆಪ್ಪೆಯ ಒಳಭಾಗವು ಬಿಳಿಚಿದ್ದರೆ, ಅವಳನ್ನು ಚಪಲಗಾರ್ತಿಯೆಂದೂ ಸೋಮಾರಿಯೆಂದೂ ಬೈಯದೆ ರಕ್ತವನ್ನು ಪರೀಕ್ಷೆ ಮಾಡಿಸಿರಿ. ಬಸುರಿಯಲ್ಲದ ಹೆಣ್ಣಿಗೆ ಒಂದು ಡೆಸಿಲೀಟರ್ ರಕ್ತದಲ್ಲಿ ೧೨ ಗ್ರಾಮಿಗಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ಅದು ರಕ್ತಹೀನತೆ, ವೈದ್ಯರನ್ನು ಕಾಣಬೇಕು.

ಈ ಶಾಲೆಯಲ್ಲಿ ಓದಿ ಹೋದ ಸಹೋದರಿಯರಲ್ಲಿ ಅನೇಕರು ಈಗ ತಂತಮ್ಮ ಮನೆಗಳಲ್ಲಿ ಬಡಿಸುವ ಸೌಟನ್ನು ಹಿಡಿದಿರುವರು. ಅವರಲ್ಲಿ ನಮ್ಮ ವಿಜ್ಞಾಪನೆಯು ಇಷ್ಟೇ: ಮಗಳ ತಟ್ಟೆಗೆ ಸೊಪ್ಪನ್ನೂ ಕಾಳನ್ನೂ ಮಗನ ತಟ್ಟೆಗೆ ಬಡಿಸುವಾಗಲೇ ಬಡಿಸಿರಿ, ನಿಮ್ಮ ಪಾಲನ್ನೂ ಮೊದಲೇ ತೆಗೆದಿಟ್ಟುಕೊಳ್ಳಿರಿ. ತಂದೆಯಂದಿರು, ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವ ರೂಢಿಯನ್ನು ತಾವೇ ಮೊದಲುಮಾಡಲಿ. ಇದಕ್ಕೆ ಹೆಚ್ಚಿನ ಹಣವು ಬೇಕಾಗುವುದಿಲ್ಲ. ಇದ್ದುದನ್ನು ಸರಿಯಾಗಿ ಹಂಚುವ ಮನಸ್ಸು ಮಾತ್ರ ಬೇಕು.