ಏರಿಗೆ ಉಸಿರು, ಇಳಿಜಾರಿಗೆ ತೊಡೆ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ರೈಲು ದಾರಿ 55 ಕಿಲೋಮೀಟರ್. ಅಷ್ಟು ದೂರಕ್ಕೆ ಪ್ರಯಾಣಿಕರ ರೈಲು ಎರಡು ಗಂಟೆಗೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಘಟ್ಟ ಹತ್ತುವ ರೈಲು ನಿಧಾನವಾಗುವುದು ಯಾರಿಗಾದರೂ ಅರ್ಥವಾಗುತ್ತದೆ. ಇಳಿಯುವ ರೈಲಾದರೂ ಜೋರಾಗಿ ಓಡಬಹುದಲ್ಲ ಎಂದರೆ ಅದೂ ಇಲ್ಲ. ಘಟ್ಟದ ಚಾಲಕರಿಗೆ ಏರಿಗಿಂತ ಇಳಿಜಾರಿನ ಅಂಜಿಕೆಯೇ ಹೆಚ್ಚು. ಎಂಜಿನ್ನಿನ ಮೋಟಾರುಗಳನ್ನೇ ಜನರೇಟರಿನಂತೆ ದುಡಿಸಿ, ಹುಟ್ಟಿದ ವಿದ್ಯುತ್ತನ್ನು ಬಿಸಿಯಾಗಿಸಿ ಗಾಳಿಗೆ ಬಿಟ್ಟು, ಸಾವಿರಾರು ಟನ್ ಭಾರವನ್ನು ಹಿಡಿದು ಹಿಡಿದು ಇಳಿಸುತ್ತಾರೆ.

ಬೆಂಗಳೂರು, ಮೈಸೂರಿನ ಪಾರ್ಕು, ರಸ್ತೆಗಳಲ್ಲಿ ಓಡಿ ಕಾಲು ಪಳಗಿಸಿಕೊಂಡ ಹವ್ಯಾಸಿಗಳು ಘಟ್ಟಕ್ಕೆ ಬಂದಾಗ ಎಡವುವುದು ಇಲ್ಲೇ. ಏರಿಗೆ ಹೆದರಿ ತಿಂಗಳುಗಟ್ಟಲೆ ಮೆಟ್ಟಿಲು ಹತ್ತಿ ದಮ್ಮು ಗಟ್ಟಿ ಮಾಡಿಕೊಂಡು ಬರುತ್ತಾರೆ. ಇಳಿಜಾರು ಬಂತೆಂದರೆ ಪುಕ್ಕಟೆ ಸಿಕ್ಕಿತೆಂದು ಕಾಲು ಬಿಟ್ಟು ಓಡುತ್ತಾರೆ. ಎರಡು ದಿನ ಕಳೆದ ಮೇಲೆ ಕಮೋಡಿನ ಮೇಲೆ ಕೂರಲೂ ಗೋಡೆ ಹಿಡಿಯಬೇಕಾಗುತ್ತದೆ.

ಗುಡ್ಡದ ಓಟದ ಗೀಳು ನಮ್ಮಲ್ಲಿ ಹೊಸದೇನಲ್ಲ. ಅಂತರಕಾಲೇಜು ಗುಡ್ಡಗಾಡು ಓಟ ಹಳೆಯದು, ಆದರೆ ಅದು ಹಲವು ಕಡೆ ಡಾಂಬರು ರಸ್ತೆಯಲ್ಲೇ ಮುಗಿದುಹೋಗುತ್ತದೆ. ಸಾಮಾನ್ಯರನ್ನು ಮಣ್ಣಿನ ದಾರಿಗೆ ಇಳಿಸಿದ್ದು ಶ್ರೀರಂಗಪಟ್ಟಣದ ಬಳಿ ಕಾಲುವೆ ಏರಿಯ ಮೇಲೆ ನಡೆಯುವ ಕಾವೇರಿ ಟ್ರೇಲ್ ಮ್ಯಾರಥಾನಿನಂಥ ಓಟಗಳು. ಅಲ್ಲಿ ನೆಲ ಹೆಚ್ಚುಕಡಿಮೆ ಸಮ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ಮಲ್ನಾಡ್ ಅಲ್ಟ್ರಾ ಬಂದ ಮೇಲೆ 50 ಕಿಲೋಮೀಟರ್, ಅದಕ್ಕೂ ಮೀರಿದ ಏರಿಳಿತದ ಓಟಗಳ ರುಚಿ ಹತ್ತಿತು. ಅದರ ತಯಾರಿಗೆ ಪಕ್ಕದ ಸಕಲೇಶಪುರ, ಆಲೂರು ಸೀಮೆಗಿಂತ ಒಳ್ಳೆಯ ನೆಲ ಸಿಗುವುದು ಕಷ್ಟ. ತೋಟದ ಮಣ್ಣುರಸ್ತೆ, ದನ ತುಳಿದ ಕಾಲುಹಾದಿ, ಹುಲ್ಲುಗುಡ್ಡ, ಜೇನುಕಲ್ಲು ಗುಡ್ಡದ ಮೆಟ್ಟುಗಲ್ಲು, ಎಲ್ಲವೂ ಒಂದು ಬೆಳಗಿನ ಓಟದೊಳಗೆ ಸಿಗುತ್ತವೆ.

ಇದೇ ಘಟ್ಟದ ರೈಲು ದಾರಿಯಲ್ಲಿರುವ ಎಡಕುಮೇರಿ ನಿಲ್ದಾಣದ ಹೆಸರು ಪೇಟೆಯವರ ಬಾಯಿಗೆ ಬಿದ್ದದ್ದು ಹಳಿಯ ಮೇಲಿನ ನಡಿಗೆಯಿಂದ. 1979ರಲ್ಲಿ ಮೀಟರ್‌ಗೇಜಾಗಿ ಶುರುವಾದ ಹಾಸನ-ಮಂಗಳೂರು ಮಾರ್ಗವನ್ನು ಗೇಜ್ ಬದಲಿಸಲೆಂದು 1996ರಲ್ಲಿ ಮುಚ್ಚಿದರು. ಗೂಡ್ಸ್ ಗಾಡಿ ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಕೊನೆಗೆ. ನಡುವಿನ ಹತ್ತು ವರ್ಷ 57 ಸುರಂಗಗಳ ಈ ದಾರಿ ಚಾರಣಿಗರ ಪಾಲಾಗಿತ್ತು. ಈಗ ಹಳಿಯ ಮೇಲೆ ಕಾಲಿಟ್ಟರೆ 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾನೂನು ಹಾಗಿರಲಿ, ತಿರುವಿನಲ್ಲಿರುವ ಸುರಂಗದೊಳಗೆ ರೈಲು ಬಂದರೆ ಓಡಿ ತಪ್ಪಿಸಿಕೊಳ್ಳಲು ಜಾಗವಿಲ್ಲ. ಮಳೆಗಾಲದಲ್ಲಿ ಗುಡ್ಡವೂ ನಂಬುವಂಥದ್ದಲ್ಲ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಗುಡ್ಡ ಕುಸಿದು ರೈಲುಗಳೇ ದಿನಗಟ್ಟಲೆ ನಿಂತಿದ್ದವು. ಹಳಿ ರೈಲಿಗಿರಲಿ. ಅದನ್ನು ಹಾಕಿದವರ ಲೆಕ್ಕವನ್ನಷ್ಟೇ ನಾವು ತೆಗೆದುಕೊಳ್ಳೋಣ.

ಆ ಲೆಕ್ಕ 50ಕ್ಕೆ 1. ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರು, ಅಂದರೆ ಶೇಕಡ 2. ರೈಲಿಗೆ ಇದೇ ಕಡಿದಾದ ಏರು. ಓಡುವವನಿಗೆ? ಇಟಲಿಯ ಆಲ್ಬೆರ್ತೊ ಮಿನೆಟ್ಟಿ ಮತ್ತು ಸಂಗಡಿಗರು ಬೆಟ್ಟದ ಓಟದಲ್ಲಿ ನುರಿತ ಹತ್ತು ಮಂದಿಯನ್ನು ಬೇರೆ ಬೇರೆ ಓರೆಯ ಟ್ರೆಡ್‌ಮಿಲ್ ಮೇಲೆ ಓಡಿಸಿ, ಅವರು ಬಳಸಿದ ಆಮ್ಲಜನಕವನ್ನು ಅಳೆದು 2002ರಲ್ಲಿ ಒಂದು ಸೂತ್ರ ಕೊಟ್ಟರು. ಅದರ ಪ್ರಕಾರ ಶೇ 2ರ ಏರಿಗೆ ಸಮನೆಲಕ್ಕಿಂತ ಹತ್ತರಲ್ಲಿ ಒಂದು ಪಾಲಿನಷ್ಟು ಹೆಚ್ಚು ಶಕ್ತಿ ಸಾಕು. ಶೇ 10ರ ಏರಿಗೆ ಒಂದೂವರೆ ಪಟ್ಟಿಗಿಂತ ಹೆಚ್ಚು. ಶೇ 20ಕ್ಕೆ ಎರಡೂವರೆ ಪಟ್ಟು. ತೋಟದ ಜೀಪು ಒಂದನೇ ಗೇರಿನಲ್ಲಿ ಗೊರಗುಟ್ಟುತ್ತಾ ಹತ್ತುವ ಏರುಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಅಲ್ಲಿ ಬೆಂಗಳೂರಿನ 'ಕಿಲೋಮೀಟರಿಗೆ ಆರು ನಿಮಿಷ'ವನ್ನು ಕೈಗಡಿಯಾರದಲ್ಲಿ ಹುಡುಕಿದರೆ ಗುಡ್ಡದ ಅರ್ಧಕ್ಕೆ ಸುಸ್ತು ಖಚಿತ. ನೋಡಬೇಕಾದ್ದು ಗಡಿಯಾರವನ್ನಲ್ಲ, ಉಸಿರನ್ನು. ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದೆಯೇ? ಹಾಗಾದರೆ ಸರಿ.

ಏರಿನಲ್ಲಿ ನಡೆಯಲು ನಾಚುವವರೂ ಬಹಳ. ನಾಚುವ ಅಗತ್ಯವಿಲ್ಲ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ರಾಜರ್ ಕ್ರಾಮ್ ತಂಡ ತೀರಾ ಕಡಿದಾದ ಟ್ರೆಡ್‌ಮಿಲ್ ಕಟ್ಟಿಸಿ ಇದನ್ನು ಪರೀಕ್ಷಿಸಿತು. ಮೇಲೇರುವ ವೇಗ ಒಂದೇ ಆಗಿದ್ದರೆ, ಸುಮಾರು 16 ಡಿಗ್ರಿಗಿಂತ ಕಡಿದಾದ ಏರಿನಲ್ಲಿ ಓಡುವುದಕ್ಕಿಂತ ನಡೆಯುವುದೇ ಅಗ್ಗ ಎಂದು ಅವರ ಅಳತೆ ಹೇಳಿತು. ಇನ್ನೂ ಒಂದು ಮಾತು. ಎತ್ತರ ಗಳಿಸಲು ಕಡಿಮೆ ಖರ್ಚಿನ ಓರೆ ಶೇ 25ರ ಆಸುಪಾಸಿನದು. ಅದಕ್ಕಿಂತ ಕಡಿದಾದರೆ ನೇರ ಹತ್ತುವ ಬದಲು ಅಂಕುಡೊಂಕಾಗಿ ಹತ್ತುವುದೇ ಲಾಭ. ಗುಡ್ಡದ ದನಗಳ ಹಾದಿ ನೋಡಿ, ಯಾವ ಪ್ರಯೋಗಾಲಯವೂ ಇಲ್ಲದೆ ಅವು ಹಾಗೇ ಹತ್ತುತ್ತವೆ.

ಈಗ ಇಳಿಜಾರು. ಮಿನೆಟ್ಟಿಯವರ ಲೆಕ್ಕದಲ್ಲಿ ಶೇ 20ರ ಇಳಿಜಾರಿನಲ್ಲಿ ಓಡಲು ಸಮನೆಲದ ಅರ್ಧದಷ್ಟು ಶಕ್ತಿ ಸಾಕು. ಎಲ್ಲ ಓರೆಗಳಲ್ಲೂ ಅತಿ ಅಗ್ಗದ್ದು ಇದೇ. ಹಾಗೆಂದು ಏರಿದ ಸಾಲ ಇಳಿಯುವಾಗ ತೀರುವುದಿಲ್ಲ. ಏರಲು ಎರಡೂವರೆ, ಇಳಿಯಲು ಅರ್ಧ, ಸರಾಸರಿ ಒಂದೂವರೆ. ಸಮನೆಲಕ್ಕಿಂತ ದುಬಾರಿಯೇ ಆಯಿತು. ಆದರೂ ಉಸಿರಿಗೆ ಹಾಯೆನಿಸುತ್ತದೆ, ಹೃದಯ ಬಡಿತ ಇಳಿಯುತ್ತದೆ, ಮನಸ್ಸು ಹಗುರಾಗುತ್ತದೆ. ಮೋಸ ಆಗುವುದು ಆಗಲೇ.

ಇಳಿಯುವಾಗ ಮಂಡಿ ಸ್ವಲ್ಪ ಮಡಚಿ ಮೈಭಾರ ಹೊರುತ್ತದಲ್ಲ, ಆ ಕ್ಷಣ ತೊಡೆಯ ಮುಂಭಾಗದ ಸ್ನಾಯು ಬಿಗಿದುಕೊಂಡಿರುತ್ತದೆ. ಬಿಗಿದಿದ್ದೂ ಉದ್ದವಾಗುತ್ತಿರುತ್ತದೆ. ಹತ್ತುವಾಗ ಸ್ನಾಯು ಕುಗ್ಗಿ ಮೈಯನ್ನು ಎತ್ತುತ್ತದೆ. ಇಳಿಯುವಾಗ ಎಳೆಸಿಕೊಳ್ಳುತ್ತಲೇ ಮೈಯನ್ನು ತಡೆಯುತ್ತದೆ. ಹೀಗೆ ಎಳೆಸಿಕೊಳ್ಳುವ ಸ್ನಾಯುವಿಗೆ ಬಲ ಹೆಚ್ಚು, ಖರ್ಚು ಕಡಿಮೆ. ಇದನ್ನು 1952ರಲ್ಲಿ ಲಂಡನ್ನಿನಲ್ಲಿ ತೋರಿಸಿದ ರೀತಿ ಸೊಗಸಾಗಿದೆ. ಅಬಟ್, ಬ್ರೆಂಡಾ ಬಿಗ್ಲಂಡ್ ಮತ್ತು ರಿಚಿ ಎಂಬ ಮೂವರು ವಿಜ್ಞಾನಿಗಳು ಎರಡು ಸೈಕಲ್ಲುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ ಒಂದೇ ಚೈನಿನಿಂದ ಜೋಡಿಸಿದರು. ಒಬ್ಬರು ಪೆಡಲ್ ತುಳಿಯಬೇಕು, ಇನ್ನೊಬ್ಬರು ಹಿಮ್ಮುಖ ತಿರುಗುವ ಪೆಡಲನ್ನು ಕಾಲಿನಿಂದ ತಡೆಯಬೇಕು. ಎರಡೂ ಕಡೆ ಬೀಳುವ ಬಲ ಒಂದೇ. ಹಾಗಿದ್ದೂ ತುಳಿಯುವ ದಾಂಡಿಗ ಗಂಡಸು ಬೆವರಿ ಏದುಸಿರು ಬಿಡುತ್ತಿದ್ದರೆ, ತಡೆಯುತ್ತಿದ್ದ ಸಣ್ಣ ಮೈಕಟ್ಟಿನ ಹೆಂಗಸು ಆರಾಮಾಗಿ ಕೂತಿದ್ದಳು.

ಆ ಆರಾಮಿನ ಬೆಲೆ ಆಮೇಲೆ ಕಟ್ಟಬೇಕು. ಸ್ನಾಯುವಿನ ಎಳೆಯೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಘಟಕಗಳು ಸಾಲಾಗಿ ಪೋಣಿಸಿಕೊಂಡಿರುತ್ತವೆ, ಸಾರ್ಕೊಮಿಯರ್ ಎನ್ನುತ್ತಾರೆ. ಬಿಗಿದ ಸ್ನಾಯುವನ್ನು ಮತ್ತೆ ಮತ್ತೆ ಎಳೆದಾಗ ಎಲ್ಲವೂ ಸಮನಾಗಿ ಹಿಗ್ಗುವುದಿಲ್ಲ. ಬಲಹೀನವಾದವು ಅತಿಯಾಗಿ ಹಿಗ್ಗಿ ಹರಿಯುತ್ತವೆ. ಅಲ್ಲಿ ಉರಿಯೂತ ಶುರುವಾಗಿ ಒಂದರಿಂದ ಮೂರು ದಿನದೊಳಗೆ ನೋವು ತಾರಕಕ್ಕೇರುತ್ತದೆ. ಥಿಯೊಡೋರ್ ಹಫ್ ಎಂಬ ಅಮೆರಿಕನ್ 1902ರಲ್ಲೇ ಈ ತಡವಾದ ನೋವಿಗೆ ಸ್ನಾಯುವಿನೊಳಗೆ ಹರಿದದ್ದೇ ಕಾರಣ ಎಂದು ಬರೆದಿದ್ದ. ಇಂದಿಗೂ ಜಿಮ್ಮುಗಳಲ್ಲಿ ಇದನ್ನು ಲ್ಯಾಕ್ಟಿಕ್ ಆಮ್ಲದ ತಲೆಗೆ ಕಟ್ಟುವವರಿದ್ದಾರೆ. ಓಟ ಮುಗಿದ ಒಂದೆರಡು ಗಂಟೆಯಲ್ಲೇ ರಕ್ತದ ಲ್ಯಾಕ್ಟೇಟ್ ಮಾಮೂಲಿಗೆ ಬಂದಿರುತ್ತದೆ, ಪಾಪ, ಅದರ ತಪ್ಪೇನೂ ಇಲ್ಲ.

ನೋವಿಗಿಂತ ದೊಡ್ಡ ತೊಂದರೆ ಬಲ ಕುಂದುವುದು. 50 ಕಿಲೋಮೀಟರಿನ ಓಟದಲ್ಲಿ ಮೊದಲ ಇಳಿಜಾರನ್ನು ಹುಮ್ಮಸ್ಸಿನಿಂದ ಇಳಿದವರಿಗೆ ಕೊನೆಯ ಹತ್ತು ಕಿಲೋಮೀಟರಿನಲ್ಲಿ ಉಸಿರು ಇರುತ್ತದೆ, ತೊಡೆ ಇರುವುದಿಲ್ಲ. ಹಾಗಾಗಿ ಇಳಿಯುವಾಗ ಹೆಜ್ಜೆ ಗಿಡ್ಡ ಮಾಡಿ ಬೇಗ ಬೇಗ ಇಡಬೇಕು. ಪಾದ ಮೈಯ ಕೆಳಗೇ ಬೀಳಬೇಕು, ಮುಂದಕ್ಕೆ ಚಾಚಿ ಹಿಮ್ಮಡಿ ಊರಿದರೆ ಹೆಜ್ಜೆಗೊಂದು ಬ್ರೇಕ್ ಹಾಕಿದಂತೆ.

ಜಾರುವ ನೆಲದಲ್ಲಿ ಪಾದದ ಕತೆ ಬೇರೆ. ಕಾಫಿ ಗಿಡದಡಿಯ ತರಗೆಲೆಯ ಕೆಳಗೆ ಮುಷ್ಟಿಗಾತ್ರದ ಕಲ್ಲೊಂದಿದೆ ಎಂದುಕೊಳ್ಳಿ. ಪಾದದ ಒಳ ಅಂಚು ಅದರ ಮೇಲೆ ಬೀಳುತ್ತದೆ, ಪಾದ ಒಳಮುಖವಾಗಿ ಮಗುಚುತ್ತದೆ. ಹೊರಗಿನ ಅಸ್ಥಿರಜ್ಜು ಹರಿಯಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದ ಆಸುಪಾಸು ಸಾಕು. ಕೀಲು ಮಗುಚುತ್ತಿದೆ ಎಂಬ ಸುದ್ದಿ ಬೆನ್ನುಹುರಿಗೆ ಹೋಗಿ, ಕಾಲಿನ ಹೊರಮೈ ಸ್ನಾಯು ಬಿಗಿದುಕೊಳ್ಳಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಆದ್ದರಿಂದ ಉಳುಕನ್ನು ತಪ್ಪಿಸುವುದು ಚುರುಕು ಪ್ರತಿಕ್ರಿಯೆ ಅಲ್ಲ, ಪಾದ ಊರುವ ಮೊದಲೇ ಬಿಗಿದು ಸಿದ್ಧವಾಗಿರುವ ಸ್ನಾಯು. ಅದು ಬರುವುದು ಒರಟು ನೆಲದಲ್ಲಿ ಓಡಾಡಿದ ರೂಢಿಯಿಂದ. ಮನೆಯಲ್ಲಿ ಹಲ್ಲುಜ್ಜುವಾಗ ಒಂಟಿ ಕಾಲಿನಲ್ಲಿ ನಿಲ್ಲುವ ಅಭ್ಯಾಸವೂ ಸಹಾಯಕ್ಕೆ ಬರುತ್ತದೆ.

ಕಣ್ಣಿಗೂ ಕೆಲಸವಿದೆ. ಒರಟು ದಾರಿಯಲ್ಲಿ ನಡೆಯುವವರ ನೋಟವನ್ನು ಕ್ಯಾಮೆರಾ ಕಟ್ಟಿ ಅಳೆದ ಅಮೆರಿಕದ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ್ದೇನೆಂದರೆ, ಅವರು ಸುಮಾರು ಒಂದೂವರೆ ಸೆಕೆಂಡು ಮುಂದೆ ಕಾಲು ಬೀಳುವ ಜಾಗವನ್ನು ನೋಡುತ್ತಿರುತ್ತಾರೆ. ಪಾದದ ಬುಡವನ್ನೇ ನೋಡುವವರು ತಡವಾಗಿ ನೋಡಿದಂತೆ. ಘಟ್ಟದಲ್ಲಿ ಮಂಜು ಕವಿದು ನೋಟ ಮೊಟಕಾದರೆ ವೇಗವೂ ಅಷ್ಟೇ ಮೊಟಕಾಗಲಿ.

ಮಳೆ ಬಿದ್ದ ಮೇಲೆ ಇಂಬಳಗಳ ಕಾಟ. ಷೂ ಲೇಸಿನ ತುದಿಯಲ್ಲಿ ಬೆಂಕಿಕಡ್ಡಿಯಷ್ಟು ತೆಳ್ಳಗಿನ ಜೀವ ಹಿಂಭಾಗ ಊರಿ ಎದ್ದು ನಿಂತು, ಮುಂಭಾಗವನ್ನು ಗಾಳಿಯಲ್ಲಿ ಆಡಿಸುತ್ತಾ ಮೈಬಿಸಿಯ ಜಾಡು ಹಿಡಿಯುತ್ತದೆ. ಆಮೇಲೆ ಕಾಲುಚೀಲದ ನೇಯ್ಗೆಯ ಸಂದಿಗೆ ಮೂತಿ ತೂರಿಸುತ್ತದೆ. ಕಚ್ಚಿದ್ದು ಗೊತ್ತಾಗುವುದು ಚೀಲ ಕೆಂಪಾದ ಮೇಲೆ. ರಕ್ತ ನಿಲ್ಲದಿರಲು ಅದು ಬಿಡುವ ರಸವೇ ಕಾರಣ. ಭಾರತದ ಕಾಡು ಇಂಬಳದಿಂದ ಬೇರ್ಪಡಿಸಿದ ಅಂಥ ಒಂದು ಪ್ರೋಟೀನಿಗೆ ಹೀಮಾಡಿನ್ ಎಂದು ಹೆಸರು. ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಎಂಬ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ. ಹೆದರುವಷ್ಟು ರಕ್ತವೇನೂ ಹೋಗುವುದಿಲ್ಲ. ತೋಟದವರ ಹೊಗೆಸೊಪ್ಪು, ಸುಣ್ಣ, ಉಪ್ಪು ಈಗಲೂ ನಡೆಯುತ್ತದೆ. ಓಡುತ್ತಲೇ ಇದ್ದರೆ ಹತ್ತುವುದು ಕಡಿಮೆ. ನಿಂತು ಸೆಲ್ಫಿ ತೆಗೆಯುವವರೇ ಅದಕ್ಕೆ ಹಬ್ಬದೂಟ.

ತಂಪು ಊರು, ನೀರು ಹೆಚ್ಚು ಬೇಡ ಎಂದು ಕೆಲವರು. ಭಯಕ್ಕೆ ಲೀಟರುಗಟ್ಟಲೆ ಕುಡಿಯುವವರು ಕೆಲವರು. ಇಬ್ಬರದೂ ತಪ್ಪು. ಮೈ ತಣಿಯುವುದು ಬೆವರು ಸುರಿದರೆ ಅಲ್ಲ, ಆವಿಯಾದರೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ 580 ಕಿಲೋಕ್ಯಾಲರಿಯಷ್ಟು ಶಾಖ ಹೊತ್ತೊಯ್ಯುತ್ತದೆ. ತೇವ ತುಂಬಿದ ಘಟ್ಟದ ಗಾಳಿಯಲ್ಲಿ ಬೆವರು ತೊಟ್ಟಿಕ್ಕಿ ಹೋಗುತ್ತದೆ, ನೀರೂ ಉಪ್ಪೂ ನಷ್ಟ, ತಣಿವು ಅರೆಬರೆ. ಬಿಸಿ ಏನು ಮಾಡಬಲ್ಲದು ಎಂಬುದಕ್ಕೆ 1924ರ ಪ್ಯಾರಿಸ್ ಒಲಿಂಪಿಕ್ಸಿನ ಗುಡ್ಡಗಾಡು ಓಟ ಸಾಕ್ಷಿ. ಸುಡುಬಿಸಿಲಿನಲ್ಲಿ ಹೊರಟ 38 ಮಂದಿಯಲ್ಲಿ ಗುರಿ ಮುಟ್ಟಿದವರು 15. ಪಾವೋ ನುರ್ಮಿ ಏನೂ ಆಗದವನಂತೆ ಗೆದ್ದ. ಆಮೇಲೆ ಆ ಸ್ಪರ್ಧೆಯನ್ನೇ ಒಲಿಂಪಿಕ್ಸಿನಿಂದ ತೆಗೆದುಹಾಕಿದರು. ಇನ್ನು ಅತಿಯಾಗಿ ನೀರು ಕುಡಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಪರೀಕ್ಷಿಸಿದ 488 ಮಂದಿಯಲ್ಲಿ ಶೇ 13 ಜನರಿಗೆ ಹಾಗಾಗಿತ್ತು. ಬಾಯಾರಿದಾಗ ಕುಡಿಯಿರಿ, ಜೊತೆಗೆ ಚಿಟಿಕೆ ಉಪ್ಪಿನ ಮಜ್ಜಿಗೆಯೋ ನಿಂಬೆ ಪಾನಕವೋ ಇರಲಿ.

ಆನೆಯ ವಿಷಯ ಹೇಳದೆ ಈ ಸೀಮೆಯ ಓಟ ಮುಗಿಯುವುದಿಲ್ಲ. ಆಲೂರು, ಸಕಲೇಶಪುರದ ತೋಟಗಳಲ್ಲಿ ಕಾಡಾನೆಗಳು ಹಗಲು ಮಲಗಿ ಮುಸ್ಸಂಜೆಯಿಂದ ಮುಂಜಾವದವರೆಗೆ ಓಡಾಡುತ್ತವೆ. ಓಟಗಾರರು ಇಷ್ಟಪಡುವ ಹೊತ್ತೂ ಅದೇ. ಮೈಸೂರು ದಸರಾದಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಸಾಕಾನೆ ಅರ್ಜುನನೇ 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆಯ ಜೊತೆ ಕಾದಾಡಿ ಸತ್ತ. ಮನುಷ್ಯನ ಮಾತೇನು? ಕಿವಿಗೆ ಇಯರ್‌ಫೋನ್ ಬೇಡ. ಬೆಳಕು ಹರಿದ ಮೇಲೆ ಹೊರಡಿ. ಹಿಂದಿನ ರಾತ್ರಿ ಆನೆ ಎಲ್ಲಿತ್ತು ಎಂದು ತೋಟದವರನ್ನು ಕೇಳಿ. ತೋಟಕ್ಕೆ ಮಾಲೀಕರ ಒಪ್ಪಿಗೆ, ಬಿಸಿಲೆಯಂಥ ಕಾಯ್ದಿಟ್ಟ ಅರಣ್ಯಕ್ಕೆ ಇಲಾಖೆಯ ಅನುಮತಿ ಬೇಕೇ ಬೇಕು.

ಇಳಿಜಾರಿನ ನೋವಿಗೆ ಮದ್ದು ಇಳಿಜಾರೇ. ಒಮ್ಮೆ ಇಳಿದು ನೋವುಂಡ ತೊಡೆ, ಕೆಲವು ವಾರಗಳೊಳಗೆ ಎರಡನೇ ಸಲ ಅಷ್ಟೇ ಇಳಿದರೆ ಅಷ್ಟು ನೋಯುವುದಿಲ್ಲ, ಬಲವೂ ಅಷ್ಟು ಕುಂದುವುದಿಲ್ಲ. ಮೊದಲ ಸಲ ಪೂರ್ತಿ ಗುಡ್ಡವನ್ನೇ ಇಳಿಯಬೇಕೆಂದೂ ಇಲ್ಲ, ಸಣ್ಣ ಪ್ರಮಾಣದ ಇಳಿತಕ್ಕೂ ಈ ರಕ್ಷಣೆ ಸಿಗುತ್ತದೆ. ತೋಟದ ಕೆಲಸಕ್ಕೆ ದಿನಾ ಗುಡ್ಡ ಇಳಿದು ಹತ್ತುವವರಿಗೆ ಅದು ತಾನಾಗಿಯೇ ಬಂದಿರುತ್ತದೆ. ಪೇಟೆಯವರು ಓಟಕ್ಕೆ ಆರು ವಾರ ಇರುವಾಗ ಹತ್ತು ನಿಮಿಷದ ಇಳಿತದಿಂದ ಶುರುಮಾಡಿ, ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ, ಕೊನೆಯ ದೊಡ್ಡ ಇಳಿತವನ್ನು ಓಟಕ್ಕೆ ಎರಡು ವಾರ ಮೊದಲೇ ಮುಗಿಸಬೇಕು. ಗುಡ್ಡ ಹತ್ತಿರ ಇಲ್ಲದವರಿಗೆ ಬೆಂಗಳೂರಿನ ಹತ್ತು ಮಹಡಿ ಕಟ್ಟಡವೂ ಆದೀತು. ಲಿಫ್ಟಿನಲ್ಲಿ ಹತ್ತಿ, ಮೆಟ್ಟಿಲಿನಲ್ಲಿ ಇಳಿಯಿರಿ.