ಇಳಿಜಾರಿನಲ್ಲಿ ಹಿಂದಿನಿಂದ ಬರುವ ಭಾರ

ಡೆನ್ವರ್‌ನಿಂದ ಪಶ್ಚಿಮಕ್ಕೆ ಹೊರಟ ಐ-70 ಹೆದ್ದಾರಿ ರಾಕಿ ಪರ್ವತವನ್ನು ಏರುತ್ತ ಏರುತ್ತ ಐಸೆನ್‌ಹೋವರ್ ಸುರಂಗದ ಬಾಯಿಗೆ ಬರುವ ಹೊತ್ತಿಗೆ 11,000 ಅಡಿ ದಾಟಿರುತ್ತದೆ. 1973ರಲ್ಲಿ ಸಂಚಾರಕ್ಕೆ ತೆರೆದ ಸುರಂಗ ಅದು. ಆಚೆ ಬದಿಗೆ ಹೊರಬಿದ್ದದ್ದೇ ತಡ, ರಸ್ತೆ ಸಿಲ್ವರ್‌ಥಾರ್ನ್ ಊರಿನತ್ತ ಒಂದೇ ಸಮನೆ ಇಳಿಯತೊಡಗುತ್ತದೆ. 2,000 ಅಡಿಗೂ ಮಿಕ್ಕ ಇಳಿತ. ಬೇಸಿಗೆಯ ಶುಕ್ರವಾರ ಸಂಜೆ ಈ ದಾರಿ ಹಿಡಿದರೆ ಹಿಂದೆ ಮುಂದೆ ಎಲ್ಲ ಟ್ರೈಲರ್‌ಗಳೇ. ಹಾಸಿಗೆ, ಒಲೆ, ಬಚ್ಚಲು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡ ಬಿಳಿ ಕ್ಯಾಂಪರ್‌ಗಳು, ದೋಣಿ ಹೊತ್ತವು, ಕುದುರೆ ಸಾಗಿಸುವವು. ಬಲಬದಿಯಲ್ಲಿ ಹೆದ್ದಾರಿಯಿಂದ ಕವಲೊಡೆದು ಗುಡ್ಡಕ್ಕೆ ಏರಿ ಅಲ್ಲೇ ಮುಗಿದುಹೋಗುವ ದಾರಿಯೊಂದು ಕಾಣುತ್ತದೆ. ಬ್ರೇಕ್ ಕೈಕೊಟ್ಟ ಲಾರಿಗಳು ನುಗ್ಗಿ ನಿಲ್ಲಲೆಂದೇ ಅದನ್ನು ಮಾಡಿದ್ದು. ಕಿಟಕಿ ಇಳಿಸಿದರೆ ಕಾದ ಬ್ರೇಕಿನ ಘಾಟು ಆಗಾಗ ಮೂಗಿಗೆ ಬಡಿಯುತ್ತದೆ.

ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದವರಿಗೆ ಇಲ್ಲಿ ನಡೆಯುವುದನ್ನು ಬಿಡಿಸಿ ಹೇಳಬೇಕಿಲ್ಲ. ಏರಿನಲ್ಲಿ ಎತ್ತು ಗಾಡಿಯನ್ನು ಎಳೆಯುತ್ತದೆ. ಇಳಿಜಾರಿನಲ್ಲಿ ಗಾಡಿಯೇ ಎತ್ತಿನ ಮೇಲೆ ಬರುತ್ತದೆ. ಎರಡು ಟನ್ನಿಗೂ ಮಿಕ್ಕ ಕ್ಯಾಂಪರ್ ಹಿಂದಿನಿಂದ ಒತ್ತುವಾಗ ಕಾರಿನ ಬ್ರೇಕ್ ಒಂದೇ ಎರಡರ ಭಾರವನ್ನೂ ತಡೆಯಬೇಕಾದರೆ ಅದು ಕಾದು ಸೋಲುತ್ತದೆ. ಟ್ರೈಲರ್ ತನ್ನ ಭಾರವನ್ನು ತಾನೇ ನಿಲ್ಲಿಸಿಕೊಳ್ಳಬೇಕು. ಅದಕ್ಕೇ ಅಮೆರಿಕದ ಅನೇಕ ರಾಜ್ಯಗಳಲ್ಲಿ 3,000 ಪೌಂಡ್ ಮೇಲ್ಪಟ್ಟ ಟ್ರೈಲರ್‌ಗೆ ಸ್ವಂತ ಬ್ರೇಕ್ ಇರಲೇಬೇಕೆಂಬ ಕಾನೂನಿದೆ.

ಆ ಬ್ರೇಕ್ ಹೇಗಿರುತ್ತದೆಂದು ನೋಡಲು ಟ್ರೈಲರ್ ಅಂಗಡಿಯ ಹಿಂದಿನ ಶೆಡ್ಡಿಗೆ ಹೋಗಬೇಕು. ಗಾಲಿ ಬಿಚ್ಚಿ ಡ್ರಮ್ ಹೊರಗೆಳೆದರೆ ಒಳಗೆ ಎರಡು ಬಾಗಿದ ಶೂಗಳು, ಕಪ್ಪು ಬ್ರೇಕ್ ದೂಳು, ಕೆಳಗಡೆ ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ವಿದ್ಯುತ್ ಅಯಸ್ಕಾಂತ. ಕರೆಂಟ್ ಹರಿದ ಕೂಡಲೇ ಅದು ತಿರುಗುವ ಡ್ರಮ್ಮಿನ ಮುಖಕ್ಕೆ ಕಚ್ಚಿಕೊಂಡು ಅದರ ಜೊತೆಗೇ ಸರಿಯಲು ನೋಡುತ್ತದೆ. ಸರಿಯುವಾಗ ತನಗೆ ಕಟ್ಟಿದ ಸನ್ನೆಯನ್ನು ಎಳೆಯುತ್ತದೆ, ಸನ್ನೆ ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ. ಗಾಲಿಯನ್ನು ನಿಲ್ಲಿಸುವ ಬಲ ಬಹುಪಾಲು ಗಾಲಿಯ ತಿರುಗಾಟದಿಂದಲೇ ಹುಟ್ಟುತ್ತದೆ. ಅಯಸ್ಕಾಂತ ಕೇಳುವುದು ಮೂರು ನಾಲ್ಕು ಆಂಪಿಯರ್ ಮಾತ್ರ. ಎಷ್ಟು ಚಂದದ ಯುಕ್ತಿ! ಸವೆದ ಅಯಸ್ಕಾಂತದ ಮುಖದ ಮೇಲೆ ಗ್ರಾಮಫೋನ್ ತಟ್ಟೆಯ ಹಾಗೆ ಸಣ್ಣ ಗೆರೆಗಳಿರುತ್ತವೆ. ದೋಣಿಯ ಟ್ರೈಲರ್ ನೀರಿಗಿಳಿಯುವುದರಿಂದ ಇದೆಲ್ಲ ತುಕ್ಕು ಹಿಡಿಯುತ್ತದೆಂದು ಅವಕ್ಕೆ ಹೆಚ್ಚಾಗಿ ಹೈಡ್ರಾಲಿಕ್ ಬ್ರೇಕ್ ಹಾಕುತ್ತಾರೆ.

ಎಷ್ಟು ಕರೆಂಟ್, ಯಾವಾಗ ಎಂದು ತೀರ್ಮಾನಿಸುವುದು ಚಾಲಕನ ಮೊಣಕಾಲಿನ ಹತ್ತಿರ ಕೂರುವ ಪುಟ್ಟ ಪೆಟ್ಟಿಗೆ, ಬ್ರೇಕ್ ಕಂಟ್ರೋಲರ್. ಅಂಗಡಿಯ ಗೋಡೆಯಲ್ಲಿ ಇವು ಅಗ್ಗದ್ದು, ದುಬಾರಿಯದು ಎಂದು ಎರಡು ಬಗೆಯಾಗಿ ಸಾಲಾಗಿ ತೂಗುತ್ತಿರುತ್ತವೆ. ಹೊಸ ಕ್ಯಾಂಪರ್ ಕೊಂಡ ಮಲೆನಾಡಿನ ಗೆಳೆಯನೊಬ್ಬ ಒಮ್ಮೆ ಹೆಂಡತಿಯೊಂದಿಗೆ ಬಂದಿದ್ದ. ಅವನ ಕಣ್ಣು ಅಗ್ಗದ್ದರ ಮೇಲೆ. "ಎರಡೂ ಬ್ರೇಕ್ ಹಾಕುತ್ತವಲ್ಲ ಮಾರಾಯ, ದುಪ್ಪಟ್ಟು ದುಡ್ಡು ಯಾಕೆ?"

ಯಾಕೆಂದರೆ ಎರಡೂ ಒಂದೇ ರೀತಿ ಹಾಕುವುದಿಲ್ಲ. ಅಗ್ಗದ್ದು ಗಡಿಯಾರ ನೋಡಿ ನಡೆಯುವಂಥದ್ದು. ಪೆಡಲ್ ಮುಟ್ಟಿದಿರೆಂದು ಬ್ರೇಕ್ ದೀಪದ ತಂತಿ ಹೇಳಿದರೆ ಸಾಕು, ನೀವು ಗೊತ್ತುಮಾಡಿಟ್ಟ ಸಮಯದಲ್ಲಿ ಗೊತ್ತುಮಾಡಿಟ್ಟ ಮಟ್ಟಕ್ಕೆ ಕರೆಂಟ್ ಏರಿಸುತ್ತದೆ. ಸಿಗ್ನಲ್ ಹತ್ತಿರ ಮೆಲ್ಲಗೆ ತುಳಿದರೂ ಅಷ್ಟೇ, ಎಲ್ಕ್ ಜಿಂಕೆ ರಸ್ತೆಗೆ ಹಾರಿದಾಗ ಪೂರ್ತಿ ತುಳಿದರೂ ಅಷ್ಟೇ. ಮೊದಲನೆಯ ಸಲ ಟ್ರೈಲರ್ ಹಿಂದಕ್ಕೆ ಜಗ್ಗುತ್ತದೆ, ಎರಡನೆಯ ಸಲ ತಡವಾಗಿ ಎಚ್ಚರಗೊಳ್ಳುತ್ತದೆ. ಸಮತಟ್ಟು ದಾರಿಯಲ್ಲಿ ಹಗುರ ಸಾಮಾನು ಸಾಗಿಸುವವರಿಗೆ ಇದು ನಡೆಯುತ್ತದೆ. ಇನ್ನೊಂದು ಬಗೆಯ ಪೆಟ್ಟಿಗೆಯೊಳಗೆ ವೇಗ ಕುಗ್ಗುವುದನ್ನು ಅಳೆಯುವ ಸಂವೇದಕವಿದೆ. ಕಾರು ಎಷ್ಟು ಗಟ್ಟಿಯಾಗಿ ನಿಲ್ಲುತ್ತದೋ ಟ್ರೈಲರ್‌ಗೂ ಅಷ್ಟೇ ಗಟ್ಟಿಯಾದ ಬ್ರೇಕ್. ಟೆಕೋನ್ಶಾ ಕಂಪನಿಯ ಪ್ರಾಡಿಜಿ ಪಿ3 ಈ ಜಾತಿಯದು. ಬೆಟ್ಟ ಇಳಿಯುವ ಕುಟುಂಬಕ್ಕೆ ಇದೇ ಬೇಕು. ಇದರಲ್ಲಿ ಚೌಕಾಸಿ ಸಲ್ಲದು. 2005ರ ಫೋರ್ಡ್ ಸೂಪರ್ ಡ್ಯೂಟಿಯಿಂದೀಚೆಗೆ ದೊಡ್ಡ ಪಿಕಪ್‌ಗಳಲ್ಲಿ ಇಂಥದು ಕಾರ್ಖಾನೆಯಿಂದಲೇ ಬರತೊಡಗಿದೆ. ಅದಿದ್ದವರಿಗೆ ಈ ಗೊಡವೆಯೇ ಇಲ್ಲ.

ಗೆಳೆಯ ಒಪ್ಪಿದ. ಆದರೆ ನಿಜವಾದ ಪರೀಕ್ಷೆ ಮಾಡಿದವಳು ಅವನ ಹೆಂಡತಿ. ಚಾಲಕನ ಸೀಟಿನಲ್ಲಿ ಕೂತು, ಮುಂದಕ್ಕೆ ಜರುಗಿಸಿ, ಎದುರಿನ ರಸ್ತೆಯಿಂದ ಕಣ್ಣು ತೆಗೆಯದೆ ಕೈ ಚಾಚಿದಳು. ಬೆರಳು ಡ್ಯಾಶ್‌ಬೋರ್ಡಿನ ಅಂಚನ್ನು ತಡಕಿತು. "ಇಲ್ಲಿ ಬೇಡ ರೀ, ನಂಗೆ ಎಟುಕಲ್ಲ. ನಾನೂ ಓಡಿಸ್ತೀನಲ್ಲ?" ಮೆಕ್ಯಾನಿಕ್ ಪೆಟ್ಟಿಗೆಯನ್ನು ಸ್ಟಿಯರಿಂಗ್‌ನ ಬಲಕ್ಕೆ ತಂದು ಹಿಡಿದ. ಈಗ ಎಟುಕಿತು, ಮೊಣಕಾಲಿಗೂ ತಾಗಲಿಲ್ಲ. ಈ ತಡಕಾಟ ಮುಖ್ಯ. ಅಡ್ಡಗಾಳಿಗೆ ಸಿಕ್ಕಿ ಟ್ರೈಲರ್ ಹಾವಿನಂತೆ ತೊನೆಯತೊಡಗಿದರೆ ಕಾರಿನ ಬ್ರೇಕ್ ಒತ್ತಿ ತುಳಿಯಬಾರದು; ಪೆಟ್ಟಿಗೆಯ ಕೈಗುಂಡಿಯನ್ನು ಒತ್ತಿ ಟ್ರೈಲರ್‌ನ ಬ್ರೇಕ್ ಮಾತ್ರ ಹಾಕಿದರೆ ಅದು ಹಿಂದಕ್ಕೆ ಜಗ್ಗಿ ನೆಟ್ಟಗಾಗುತ್ತದೆ. ಆ ಗಳಿಗೆಯಲ್ಲಿ ಗುಂಡಿ ಹುಡುಕಲು ಪುರಸೊತ್ತು ಇರುವುದಿಲ್ಲ. ಕಾಲಿಡಲು ಜಾಗ ಕಡಿಮೆಯಿರುವ ಕಾರುಗಳಿಗೆ ಆಸ್ಟ್ರೇಲಿಯಾದ ರೆಡಾರ್ಕ್ ಕಂಪನಿಯ ಟೋ-ಪ್ರೊ ಒಳ್ಳೆಯದು; ಪೆಟ್ಟಿಗೆ ಒಳಗೆಲ್ಲೋ ಅಡಗಿರುತ್ತದೆ, ಹೊರಗೆ ಕಾಣುವುದು ತಿರುಪು ಗುಂಡಿ ಒಂದೇ.

ಪೆಟ್ಟಿಗೆಯನ್ನು ಜೋಡಿಸುವ ತಂತಿಗಳು ನಾಲ್ಕು: ಬ್ಯಾಟರಿಗೆ ಕಪ್ಪು, ಅರ್ಥಿಂಗ್‌ಗೆ ಬಿಳಿ, ಬ್ರೇಕ್ ಸ್ವಿಚ್ಚಿಗೆ ಕೆಂಪು, ಟ್ರೈಲರ್‌ಗೆ ನೀಲಿ. ಕಾರಿನ ಹಿಂಬದಿಯಲ್ಲಿ ಏಳು ಪಿನ್ನಿನ ಸಾಕೆಟ್ ಇರಬೇಕು. ದೀಪಕ್ಕಷ್ಟೇ ಆಗುವ ನಾಲ್ಕು ಪಿನ್ನಿನದರಲ್ಲಿ ಬ್ರೇಕಿನ ತಂತಿಯೇ ಇಲ್ಲ. ಎಷ್ಟು ದುಬಾರಿ ಪೆಟ್ಟಿಗೆ ತಂದರೂ ಅದರ ಮಾತು ಗಾಲಿಗೆ ತಲುಪುವುದಿಲ್ಲ.

ಮಧ್ಯಾಹ್ನ ಖಾಲಿ ಪಾರ್ಕಿಂಗ್ ಜಾಗದಲ್ಲಿ ಗೇನ್, ಅಂದರೆ ಪೆಟ್ಟಿಗೆ ಗಾಲಿಗೆ ಹೆಚ್ಚೆಂದರೆ ಎಷ್ಟು ಕರೆಂಟ್ ಕಳಿಸಬೇಕೆಂಬ ಮಟ್ಟ, ಹೊಂದಿಸುವ ಕೆಲಸ. ಗಂಟೆಗೆ 25 ಮೈಲಿಯಲ್ಲಿ ಬಂದು ಕೈಗುಂಡಿ ಒತ್ತುವುದು. ಮೊದಲು ಟ್ರೈಲರ್‌ಗೆ ಏನೂ ಅನ್ನಿಸಿದಂತಿಲ್ಲ. ಅಂಕಿ ಏರಿಸಿ ಮತ್ತೆ ಒತ್ತಿದಾಗ ಹಿಡಿತ ಬಂತು. ಇನ್ನೂ ಏರಿಸಿದಾಗ ಕೀರಲು ಸದ್ದು, ಡಾಂಬರಿನ ಮೇಲೆ ಟೈರಿನ ಎರಡು ಕಪ್ಪು ಗೆರೆ. ಗಾಲಿ ಕಚ್ಚಿ ನಿಂತಿತ್ತು. ಅಲ್ಲಿಂದ ಸ್ವಲ್ಪ ಇಳಿಸಿದರೆ ಅದೇ ಸರಿಯಾದ ಜಾಗ. 40 ಗ್ಯಾಲನ್ ನೀರಿನ ಟ್ಯಾಂಕ್ ತುಂಬಿಸಿದರೇ 150 ಕಿಲೋ ಹೆಚ್ಚುತ್ತದೆ, ಮಳೆ ಬಿದ್ದರೆ ಟೈರಿನ ಹಿಡಿತ ಕುಗ್ಗುತ್ತದೆ. ಆಗೆಲ್ಲ ಇದನ್ನು ಮತ್ತೆ ಹೊಂದಿಸಿಕೊಳ್ಳಬೇಕು. ಸುರಂಗ ದಾಟಿದ ಮೇಲೆ ಗೇರ್ ಇಳಿಸಿ ಎಂಜಿನ್ನಿನ ಮೇಲೆ ಬರುವುದು, ಬ್ರೇಕನ್ನು ತುಳಿದೇ ಇಟ್ಟುಕೊಳ್ಳದೆ ಬಿಟ್ಟು ಬಿಟ್ಟು ಹಾಕಿ ಡ್ರಮ್ ತಣಿಯಲು ಬಿಡುವುದು ಚಾಲಕರದೇ ಕೆಲಸ. ಅದನ್ನು ಯಾವ ಪೆಟ್ಟಿಗೆಯೂ ಮಾಡಿಕೊಡುವುದಿಲ್ಲ.