ಬೆಟ್ಟಗಳೇ ದಾರಿತೋರುಗರು

1932ನೆಯ ಅಕ್ಟೋಬರ್ 15ರಂದು ಜೆ. ಆರ್. ಡಿ. ತಾತಾ ಅವರು ಪುಟ್ಟದೊಂದು ‘ಪಸ್ ಮಾತ್’ ವಿಮಾನದಲ್ಲಿ ಏಕಾಕಿಯಾಗಿ ಟಪಾಲನ್ನು ಕರಾಚಿಯಿಂದ ಮುಂಬಯಿಗೆ ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅವರು ಅದನ್ನು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಮುಟ್ಟಿಸಿದರು. ವಿಮಾನದಲ್ಲಿ ರೇಡಿಯೋ ಇರಲಿಲ್ಲ. ಹಾಗಾದರೆ ದಾರಿ ತಿಳಿಯುವುದೆಂತು?

ಬಳ್ಳಾರಿಯಿಂದ ಬೆಂಗಳೂರಿನ ಜಕ್ಕೂರಿಗೆ ಒಬ್ಬಂಟಿಯಾಗಿ ಹಾರುವವನನ್ನು ಭಾವಿಸೋಣ. ನೇರದಾರಿ ಸುಮಾರು 240 ಕಿಲೋಮೀಟರು. ಪಾವಗಡ ಹೆಚ್ಚುಕಡಮೆ ಅದರ ನಡುವೆ ಇದೆ. ಗಂಟೆಗೆ 160 ಕಿಲೋಮೀಟರು ಹಾರುವ ವಿಮಾನವು 45 ನಿಮಿಷದಲ್ಲಿ ಅಲ್ಲಿರಬೇಕು. ಆದರೆ ಬಲಗಡೆಯಿಂದ ಗಂಟೆಗೆ 20 ಕಿಲೋಮೀಟರು ಅಡ್ಡಗಾಳಿ ಬೀಸಿದರೆ, ದಿಕ್ಸೂಚಿ ನೆಟ್ಟಗಿದ್ದರೂ ವಿಮಾನವು ಅಷ್ಟರಲ್ಲಿ 15 ಕಿಲೋಮೀಟರು ಎಡಕ್ಕೆ ಸರಿದಿರುತ್ತದೆ. ತಿದ್ದಿಕೊಳ್ಳದಿದ್ದರೆ ಕೊನೆಯಲ್ಲಿ ಅದು 30 ಆಗುವುದು, ಪೆಟ್ರೋಲಾದರೋ ಅಳತೆಯದು.

ಇಲ್ಲಿ ಬೆಟ್ಟಗಳು ನೆರವಿಗೆ ಬರುತ್ತವೆ. ಬುಡದಲ್ಲಿ ಊರನ್ನಿಟ್ಟುಕೊಂಡ ಪಾವಗಡದ ಕೋಟೆಬೆಟ್ಟ ಬಲಕ್ಕೆ ದೂರದಲ್ಲಿ ಕಂಡಿತೆಂದರೆ ಗಾಳಿಯ ಬಲ ತಿಳಿದಂತಾಯಿತು. ಆದರೆ ಬಂಡೆಗುಡ್ಡಗಳು ತುಂಬಿದ ಈ ಸೀಮೆಯಲ್ಲಿ ಒಂದನ್ನು ಮತ್ತೊಂದೆಂದು ಬಗೆಯುವುದು ಸುಲಭ. “ಅದಲ್ಲ” ಎನ್ನಲು ಪಕ್ಕದಲ್ಲಿ ಯಾರೂ ಇಲ್ಲ. ಆದುದರಿಂದ ಜಾಣನು ಒಂದೇ ಗುರುತನ್ನು ನಂಬನು. ಪಾವಗಡವಾದ ಮೇಲೆ ಮಧುಗಿರಿಯ ಬೋಳುಬಂಡೆ, ಅನಂತರ ಕೊರಟಗೆರೆಯ ಬಳಿಯ ಸಿದ್ಧರಬೆಟ್ಟ, ಇವು ಹೊತ್ತಿಗೆ ಸರಿಯಾಗಿ ಬಲಗಡೆ ಸಾಲಾಗಿ ತೋರಬೇಕು. ಮುಗಿಲು ಅವನ್ನು ಮುಚ್ಚಿದರೆ, ಪೆಟ್ರೋಲು ಸಾಕಷ್ಟಿರುವಾಗಲೇ ಹಿಂದಿರುಗಬೇಕು.

“ಕಾಣುತ್ತಿರುವುದು ಯಾವ ಬೆಟ್ಟ?” ಎಂದು ಕೇಳುವವನು ತನಗೆ ಬೇಕಾದುದನ್ನೇ ಕಂಡಾನು. “ಈ ನಿಮಿಷದಲ್ಲಿ ಯಾವುದು ಕಾಣಬೇಕು?” ಎಂದು ಗಡಿಯಾರವನ್ನೂ ಭೂಪಟವನ್ನೂ ಮೊದಲು ಕೇಳಿ, ಬಳಿಕ ನೆಲವನ್ನು ನೋಡುವವನೇ ಊರು ಸೇರುವನು.